ಮಂಗೋಲಿಯಾದವರಿಗೆ ಕೊಟ್ಟ ಆಹೇರ

ನಮ್ಮ ಮನೆಯ ಇನ್ವರ್ಟರ್ ಮೇಲೆ ಒಂದು ನೀಲಿ ರೇಷ್ಮೆ ವಸ್ತ್ರವಿದೆ. ಉದ್ದ ಮೂರು ಮೊಳ, ಅಗಲ ಒಂದು ಗೇಣಿಗಿಂತ ತುಸು ಹೆಚ್ಚು. ಹೊದೆಯಲು ಸಾಲದು, ಕೈ ಒರೆಸಲು ಮನಸ್ಸು ಬಾರದು. ಮನೆಗೆ ಬಂದವರು ಅದನ್ನು ನೋಡಿ, “ಯಾವ ದೇವರ ಹರಕಿದ್ರಿ ಇದು?” ಎಂದು ಕೇಳುತ್ತಾರೆ. ಮಂಗೋಲಿಯಾದ್ದು ಎಂದರೆ ಒಮ್ಮೆ ನನ್ನ ಮುಖ ನೋಡಿ, ಕುಡಿಯಲು ನೀರು ಕೇಳುತ್ತಾರೆ. ಅವರದೇನೂ ತಪ್ಪಿಲ್ಲ. ಭಾಲ್ಕಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿ ಹೊಟ್ಟೆ ಹೊರೆಯುವವನ ಮನೆಯಲ್ಲಿ ಮಂಗೋಲಿಯಾಕ್ಕೆ ಏನು ಕೆಲಸ?

ನನ್ನ ಹೆಂಡತಿ ಸುಶೀಲಾ ವಾರಕ್ಕೊಮ್ಮೆ ಅದರ ಧೂಳು ಕೊಡವುತ್ತಾಳೆ. ಮೊನ್ನೆ ಮೊನ್ನೆಯವರೆಗೂ ಕೊಡವುವಾಗಲೆಲ್ಲ ಅದೇ ಪ್ರಶ್ನೆ: “ಇದನ್ನ ಕೊಟ್ಟವರಿಗಿ ನೀವು ತಿರುಗಿ ಏನ್ ಕೊಟ್ರಿ?” ಆಗ ನಾನು ಪೇಪರಿನಲ್ಲಿ ಬಹಳ ಮುಖ್ಯವಾದ ಸುದ್ದಿಯೊಂದನ್ನು ಓದತೊಡಗುತ್ತಿದ್ದೆ.

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ನೀವು ನಮ್ಮವ್ವನ ಟ್ರಂಕು ನೋಡಬೇಕಾಗಿತ್ತು. ಖಟಕ ಚಿಂಚೋಳಿಯ ನಮ್ಮ ಮನೆಯ ನಡುಮನೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ ಅದು ಇರುತ್ತಿತ್ತು. ಒಳಗೆ ಕುಪ್ಪಸದ ಖಣ, ಟಾವೆಲ್, ಟೊಪ್ಪಿಗೆ, ಧೋತರ. ಒಂದೂ ಕೊಂಡದ್ದಲ್ಲ, ಒಂದೂ ಬಳಸುವುದಕ್ಕಲ್ಲ. ಎಲ್ಲವೂ ಆಹೇರದಲ್ಲಿ ಬಂದವು. ಲಗ್ನ, ಜವಳ, ತೊಟ್ಟಿಲು ಯಾವುದೇ ಇರಲಿ, ನಮ್ಮ ಕಡೆ ಬಟ್ಟೆಯ ಉಡುಗೊರೆಗೆ ಆಹೇರ ಎನ್ನುತ್ತಾರೆ. ಆಹೇರ ಪಡೆದವರು ಮುಯ್ಯಿ ತೀರಿಸಲೇಬೇಕು, ತೀರಿಸುವಾಗ ಬಂದದ್ದಕ್ಕಿಂತ ಒಂದು ಕೈ ಮೇಲೆಯೇ ಇರಬೇಕು. ಹೀಗಾಗಿ ಆ ಬಟ್ಟೆಗಳು ಯಾರ ಮೈಗೂ ಹತ್ತದೆ, ಊರಿಂದೂರಿಗೆ ಬಸ್ಸಿನಲ್ಲಿ ಓಡಾಡಿಕೊಂಡಿರುತ್ತಿದ್ದವು.

ಅದರಲ್ಲೊಂದು ಹಸಿರು ಖಣ. ಅಂಚಿಗೆ ರೂಪಾಯಿ ಅಗಲದ ಅರಿಶಿನದ ಕಲೆ. ಆ ಕಲೆ ನಾನೇ ಮಾಡಿದ್ದು, ಅದಕ್ಕಾಗಿ ಒಂದು ಏಟೂ ತಿಂದಿದ್ದೆ. ಅವ್ವ ಕಲೆಯನ್ನು ಒಳಕ್ಕೆ ಮಡಚಿ ಅದನ್ನು ಔರಾದದ ಸೋದರತ್ತೆಗೆ ದಾಟಿಸಿಬಿಟ್ಟಳು. ಎಷ್ಟೋ ವರ್ಷಗಳ ಮೇಲೆ ನಮ್ಮಕ್ಕನ ಲಗ್ನದಲ್ಲಿ ಯಾರೋ ದೂರದ ನೆಂಟರು ಅವ್ವನಿಗೆ ಉಡಿ ತುಂಬಿದರು. ಮನೆಗೆ ಬಂದು ಬಿಚ್ಚಿ ನೋಡಿದರೆ ಅದೇ ಹಸಿರು ಖಣ, ಅದೇ ಕಲೆ! ಅವ್ವ ಸಿಟ್ಟಾಗಲಿಲ್ಲ. ತಪ್ಪಿಸಿಕೊಂಡ ಕರು ತಾನಾಗಿ ಕೊಟ್ಟಿಗೆಗೆ ಬಂದಹಾಗೆ ಅದರ ಮೈದಡವಿ, “ಬಂದೇನ ನನ್ನವ್ವಾ?” ಎಂದಳು. ಅವ್ವ ಹೋದ ಮೇಲೆ ಟ್ರಂಕು ನಮ್ಮ ಮನೆಗೆ ಬಂತು. ಖಣವೂ ಅದರಲ್ಲೇ ಇತ್ತು.

ಈಗ ಮಂಗೋಲಿಯಾಕ್ಕೆ ಬರೋಣ. ಬೀದರಿನಲ್ಲಿ ಸಂಗಪ್ಪ ಸಾವಕಾರರು ಎಂಬವರಿದ್ದಾರೆ. ತೊಗರಿಬೇಳೆ ಮಿಲ್ಲಿನ ಧಣಿ, ಧಾರಾಳ ಮನುಷ್ಯ, ಸೋಲೊಂದನ್ನು ಬಿಟ್ಟು ಎಲ್ಲವನ್ನೂ ಸಹಿಸಬಲ್ಲವರು. ಅವರು ಬೇಳೆಯ ಪ್ಯಾಕೆಟ್ಟುಗಳನ್ನು ಹೊತ್ತುಕೊಂಡು ದಿಲ್ಲಿಯ ಒಂದು ವಸ್ತುಪ್ರದರ್ಶನಕ್ಕೆ ಹೋದಾಗ ಪಕ್ಕದ ಮಳಿಗೆ ಮಂಗೋಲಿಯಾದವರದಾಗಿತ್ತು. ಮೂರು ದಿನ ಇವರು ಅವರಿಗೆ, ಅವರು ಇವರಿಗೆ ಚಹಾ ಕುಡಿಸಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದ್ದರಿಂದ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಸಾವಕಾರರು ಊರಿಗೆ ಮರಳುವಷ್ಟರಲ್ಲಿ ಎರಡೂ ದೇಶಗಳ ನಡುವಿನ ಒಂದು ವ್ಯಾಪಾರ ಮಂಡಳಿಯ ಬೀದರ್ ಘಟಕಕ್ಕೆ ಅಧ್ಯಕ್ಷರಾಗಿದ್ದರು. ಲೆಟರ್‌ಹೆಡ್ ಮಾಡುವ ಕೆಲಸ ನನಗೆ ಬಂತು. ‘ಕಾರ್ಯದರ್ಶಿ’ ಎಂಬುದರ ಕೆಳಗೆ ಜಾಗ ಖಾಲಿ ಬಿಟ್ಟರೆ ಚೆನ್ನಾಗಿ ಕಾಣಿಸದೆಂದು ನನ್ನ ಹೆಸರು ಹಾಕಿಕೊಂಡೆ. ಯಾರೂ ಬೇಡವೆನ್ನಲಿಲ್ಲ. ದೊಡ್ಡ ಹುದ್ದೆಗಳು ಹೀಗೂ ಸಿಗುತ್ತವೆ.

ಎರಡು ವರ್ಷ ನಾವು ಲೆಟರ್‌ಹೆಡ್ಡಿನಲ್ಲಿ ಒಬ್ಬರಿಗೊಬ್ಬರು ಹಬ್ಬದ ಶುಭಾಶಯ ಕಳಿಸಿಕೊಂಡೆವು. ಕಳೆದ ದೀಪಾವಳಿಯ ನಂತರ ದಿಲ್ಲಿಯ ಮುಖ್ಯ ಕಚೇರಿಯಿಂದ ಪತ್ರ ಬಂತು: ಮಂಗೋಲಿಯಾದ ಐವರು ಹೈದರಾಬಾದಿಗೆ ಬರುತ್ತಾರೆ, ಒಂದು ದಿನ ಬೀದರಿಗೂ ಬರುತ್ತಾರೆ, ಅವರೊಂದಿಗೆ ‘ನೆಟ್‌ವರ್ಕಿಂಗ್’ ಏರ್ಪಡಿಸಬೇಕು. ಹೇಗೆಂಬುದನ್ನೂ ಬರೆದಿದ್ದರು. ವೇದಿಕೆ ಇರಕೂಡದು. ಭಾಷಣ ಇರಕೂಡದು. ಕುರ್ಚಿಯೂ ಇರಕೂಡದು. ಎತ್ತರದ ಮೇಜುಗಳ ಸುತ್ತ ಜನ ನಿಂತು, ಗುರುತಿಲ್ಲದವರೊಂದಿಗೆ ಐದು ನಿಮಿಷ ಮಾತಾಡಿ, ಕಾರ್ಡ್ ಕೊಟ್ಟು, ಗಂಟೆ ಬಾರಿಸಿದ ಕೂಡಲೇ ಮುಂದಿನವರ ಬಳಿ ಹೋಗಬೇಕು.

“ಮನಿಗಿ ಬಂದ ಮೆಹಮಾನ್ರಿಗಿ ನಿಂದ್ರಸ್ತಾರೇನು ಬಸಣ್ಣಾ?” ಎಂದರು ಸಾವಕಾರರು.

“ಪದ್ಧತಿ ಹಂಗದಂತ್ರಿ ಸಾವಕಾರ್ರ.”

“ಆಯ್ತು ನಿಂದ್ರಸು. ಆದ್ರ ಶಾಲು ಹೊಚ್ಚದೆ ಹ್ಯಾಂಗ ಮಾತಾಡೋದು? ಐದು ಮಿನಿಟ್ ಸನ್ಮಾನ ಇಟ್ಟಬಿಡು, ಆಮ್ಯಾಲ ಅವರ ಪದ್ಧತಿ ನಡೀಲಿ.”

ಹೀಗೆ ಐದು ನಿಮಿಷದ ಸನ್ಮಾನ ಕಾರ್ಯಕ್ರಮ ಪಟ್ಟಿ ಸೇರಿತು. ಐವರಿಗೆ ಐದು ಸಾಕಿದ್ದರೂ ಇರಲಿ ಎಂದು ಇಪ್ಪತ್ತೈದು ಶಾಲು ತಂದೆವು. ನಾನು ಎಲ್ಲ ಸದಸ್ಯರಿಗೂ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿದೆ. ನಲವತ್ತು ವರ್ಷ ಲಗ್ನಪತ್ರಿಕೆ ಮಾಡಿದ ಕೈ ನೋಡಿ, ತಾನಾಗಿ ಮೇಲೆ ಗಣಪತಿಯನ್ನೂ ಕೆಳಗೆ ‘ಸುಖಾಗಮನ ಬಯಸುವವರು’ ಎಂಬುದನ್ನೂ ಹಾಕಿಬಿಟ್ಟಿತು. ಆದರೆ ಅದೇ ಕೈ ಆಮಂತ್ರಣದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲನ್ನು ಬಿಟ್ಟುಬಿಟ್ಟಿತು. ಅದೊಂದು ಸಾಲು ಇದ್ದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ.

ಇದೆಲ್ಲ ನಡೆದಿರುವಾಗ ಒಂದು ಮಧ್ಯಾಹ್ನ ಠಾಣಾ ಕುಶನೂರಿನಿಂದ ಬೀರಪ್ಪ ನನ್ನ ಪ್ರೆಸ್ಸಿಗೆ ಬಂದ. ಭಾಲ್ಕಿಯ ಹಾಸ್ಟೆಲಿನಲ್ಲಿ ನಾವಿಬ್ಬರೂ ನಾಲ್ಕು ವರ್ಷ ಕೂಡಿ ಇದ್ದವರು. ಕುರಿ ಸಾಕುವ, ಕಂಬಳಿ ನೇಯುವ ಮನೆತನ ಅವನದು. ಆ ನಾಲ್ಕು ಚಳಿಗಾಲ ನನಗೆ ಸ್ವಂತ ಹೊದಿಕೆಯೇ ಇರಲಿಲ್ಲ. ಅವನ ಅಪ್ಪ ನೇಯ್ದ ಕಂಬಳಿಯಲ್ಲಿ ಅರ್ಧ ನನ್ನದಾಗಿತ್ತು. ಚುಚ್ಚುತ್ತದೆ ಎಂದು ನಾನು ಗೊಣಗುತ್ತಿದ್ದೆ, ಕುರಿ ವಾಸನೆ ಎಂದು ಮೂಗು ಮುಚ್ಚುತ್ತಿದ್ದೆ, ಬೆಳಗಾಗುವಷ್ಟರಲ್ಲಿ ಮುಕ್ಕಾಲು ಪಾಲು ಎಳೆದುಕೊಂಡಿರುತ್ತಿದ್ದೆ. ಬೀರಪ್ಪ ಒಂದು ದಿನವೂ ಅದನ್ನು ಮಾತಿಗೆ ತೆಗೆದವನಲ್ಲ.

“ಬಸಣ್ಣಾ, ಆ ಮಂದಿ ಭೀ ಕುರಿ ಸಾಕ್ತಾರಂತ, ಖರೇನು?” ಎಂದು ಕೇಳಿದ.

“ಖರೇ. ಮನ್ಯಾಗಿನ ಮಂದಿಗಿಂತ ಕುರೀನೇ ಹೆಚ್ಚಂತ.”

“ಹಂಗಾರ ನನಗ ಎರಡು ಮಿನಿಟ್ ಮಾತಾಡ್ಲಾಕ ಕೊಡು. ಒಂದು ಕಂಬಳಿ ತರ್ತೇನಿ. ಕೈಯಾಗ ಹಿಡದು ನೋಡ್ಲಿ. ಬೇಕಂದ್ರ ನೇಯ್ತೇನಿ, ಬ್ಯಾಡಂದ್ರ ಮಗ್ಗ ಬಿಚ್ಚಿ ಕುಣಿ ಮುಚ್ತೇನಿ. ಕರಿ ಉಣ್ಣಿ ಈಗ ಯಾರಿಗೂ ಬ್ಯಾಡಾಗ್ಯದ. ಕತ್ತರಸಿ ತಿಪ್ಪಿಗಿ ಹಾಕ್ಲಾಕತ್ತೇವಿ.”

ಅವನದು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವುದು. ಅವನ ಅಜ್ಜ ತೋಡಿದ ಗುಂಡಿ ಅದು. ನಾನು ದೊಡ್ಡಸ್ತಿಕೆಯಿಂದ, “ಎರಡು ಯಾಕ, ಐದು ಮಿನಿಟ್ ತಗೋ” ಎಂದೆ. ಪಟ್ಟಿಯಲ್ಲಿ ಅವನನ್ನು ಎಲ್ಲಿ ಹಾಕಿದೆ ಗೊತ್ತೆ? ಕಟ್ಟಕಡೆಗೆ, ‘ಇತರ ವಿಷಯಗಳು’ ಎಂಬುದರ ಕೆಳಗೆ. ಅವನ ಹೆಸರನ್ನೂ ಬರೆಯಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ದಿನ ಬೀದರಿನ ಒಂದು ಫಂಕ್ಷನ್ ಹಾಲಿನಲ್ಲಿ ಎತ್ತರದ ಮೇಜುಗಳು ಸಿದ್ಧವಾದವು. ಬೀದರಿನಲ್ಲಿ ಅಂಥ ಮೇಜು ಸಿಗಲಿಲ್ಲವಾದ್ದರಿಂದ ಅಡುಗೆಯವರ ಮೇಜುಗಳ ಕಾಲಿಗೆ ಇಟ್ಟಿಗೆ ಕೊಟ್ಟು, ಉದ್ದ ಬಟ್ಟೆ ಹೊದಿಸಿದ್ದೆವು. ಬಂದ ಸದಸ್ಯರು ಅವುಗಳ ಮುಂದೆ ಸಾಲಾಗಿ ನಿಂತರು.

“ಪೂರಿ ಇಲ್ಲೇ ಕೊಡ್ತಾರೇನ್ರಿ?”

“ಇಲ್ರಿ, ಇಲ್ಲಿ ಬರೇ ನಿಂದ್ರಬೇಕಂತ್ರಿ.”

“ನಿಂತು?”

“ಗುರ್ತಿಲ್ಲದವ್ರ ಕೂಡ ಮಾತಾಡಬೇಕಂತ.”

“ಗುರ್ತಿಲ್ಲದವ್ರು ಯಾರದಾರ್ರಿ ಇಲ್ಲಿ? ನೀವು ನಮ್ಮ ಸ್ವಾದರ ಮಾವನ ಮಗ!”

ಆದರೂ ಪದ್ಧತಿಯೆಂದರೆ ಪದ್ಧತಿ. ಇಬ್ಬರೂ ಒಬ್ಬರಿಗೊಬ್ಬರು ಕಾರ್ಡ್ ಕೊಟ್ಟುಕೊಂಡರು. ಐದು ನಿಮಿಷವಾಯಿತೆಂದು ನಾನು ಗಂಟೆ ಬಾರಿಸಿದೆ. ಮನೆಯ ದೇವರ ಜಗಲಿಯಿಂದ ತಂದ ಪೂಜೆಯ ಗಂಟೆ ಅದು. ಹಾಲಿಗೆ ಹಾಲೇ ಕೈಮುಗಿದು ನಿಂತಿತು. ಒಬ್ಬರು ಆರತಿಯ ತಟ್ಟೆ ಯಾವ ಕಡೆಯಿಂದ ಬರುತ್ತದೆಂದು ಕತ್ತು ಉದ್ದ ಮಾಡಿ ನೋಡಿದರು.

ಅಷ್ಟರಲ್ಲಿ ಅತಿಥಿಗಳು ಬಂದರು. ಮುಂದಾಳು ತುಯಾ ಎಂಬ ಅರವತ್ತು ದಾಟಿದ ಹೆಂಗಸು. ದುಂಡು ಮುಖ, ಕಾಲ ಮಟ್ಟದ ನಿಲುವಂಗಿ, ತಮ್ಮ ಊರಿನ ಕುರಿಗಾರರ ಸಂಘಕ್ಕೆ ಮುಖ್ಯಸ್ಥೆ. ಜೊತೆಗೆ ಮೂವರು ಗಂಡಸರು, ಮತ್ತು ದಿಲ್ಲಿಯಲ್ಲಿ ಹಿಂದಿ ಕಲಿತ ಒಬ್ಬ ದುಭಾಷಿ ಹುಡುಗಿ. ಮಧ್ಯಾಹ್ನ ಎರಡಕ್ಕೆ ಅವರು ಹೈದರಾಬಾದಿನ ಹಾದಿ ಹಿಡಿಯಬೇಕಾಗಿತ್ತು, ಇಲ್ಲದಿದ್ದರೆ ವಿಮಾನ ತಪ್ಪುತ್ತಿತ್ತು. ಆಗ ಹನ್ನೊಂದು ಗಂಟೆ.

ಸಾವಕಾರರು ತುಯಾಗೆ ಶಾಲು ಹೊದಿಸಿದರು. ಚಪ್ಪಾಳೆ. ಆಕೆ ನಕ್ಕು, ಚೀಲದಿಂದ ಒಂದು ನೀಲಿ ರೇಷ್ಮೆ ವಸ್ತ್ರ ತೆಗೆದು, ಎರಡೂ ಕೈಗಳ ಮೇಲೆ ಹಾಸಿ, ಬಾಗಿ ಸಾವಕಾರರಿಗೆ ಅರ್ಪಿಸಿದಳು. ಗೌರವದ ವಸ್ತ್ರವಂತೆ, ಅವರಲ್ಲಿ ಅದಿಲ್ಲದೆ ದೊಡ್ಡವರನ್ನು ಕಾಣುವುದಿಲ್ಲವಂತೆ.

ಸಾವಕಾರರು ನನ್ನ ಕಿವಿಯಲ್ಲಿ, “ಆಹೇರಾ ಬಂತಲ್ಲೋ! ಇನ್ನೊಂದು ಶಾಲ ತಾ” ಎಂದರು.

ಇನ್ನೊಂದು ಹೊದಿಸಿದರು. ತುಯಾ ಇನ್ನೊಂದು ನೀಲಿ ವಸ್ತ್ರ ತೆಗೆದಳು. ಸಾವಕಾರರು ಮೂರನೆಯದು. ಆಕೆಯೂ ಮೂರನೆಯದು. ಅಲ್ಲಿಯೂ ನಮ್ಮಂಥವರೇ ಇದ್ದಾರೆ, ಅವರಿಗೂ ಒಬ್ಬ ಅವ್ವ, ಒಂದು ಟ್ರಂಕು ಇದೆ ಎಂಬುದು ನನಗೆ ಆಗ ಹೊಳೆಯಿತು. ಇಂಥ ಇಬ್ಬರು ಎದುರಾದರೆ ನಿಲ್ಲಿಸುವವರು ಯಾರು?

ಹನ್ನೆರಡಕ್ಕೆ ನಮ್ಮ ಇಪ್ಪತ್ತೈದು ಶಾಲು ಮುಗಿದವು. ಪೇಟೆಗೆ ಓಡಿ ಟಾವೆಲ್ ತರಿಸಿದೆವು. ಅವೂ ಮುಗಿದವು. ಅತ್ತ ನೀಲಿ ವಸ್ತ್ರಗಳೂ ತಳ ಕಂಡವು. ನಡುವೆ ಕಾರ್ಯದರ್ಶಿ ಎಂದು ನನ್ನ ಕೊರಳಿಗೂ ಒಂದು ಬಿತ್ತು. ನನ್ನ ಕೈಯಲ್ಲಿ ಪೂಜೆಯ ಗಂಟೆ ಬಿಟ್ಟರೆ ಬೇರೇನೂ ಇರಲಿಲ್ಲ, ಗಾಬರಿಯಲ್ಲಿ ನನ್ನ ವಿಸಿಟಿಂಗ್ ಕಾರ್ಡ್ ಕೊಟ್ಟೆ. ಆಕೆ ಅದನ್ನೂ ಎರಡೂ ಕೈಯಿಂದ ತೆಗೆದುಕೊಂಡಳು.

ಆಮೇಲೆ ಸಾವಕಾರರು ಗೋಡೆಯ ಮೇಲಿದ್ದ ಗಡಿಯಾರವನ್ನೇ ಇಳಿಸಿ ಕೊಟ್ಟರು. ತುಯಾ ತೊಗಲಿನ ಸಂಚಿ ಕೊಟ್ಟಳು. ಸಾವಕಾರರು ಐದು ಕಿಲೋ ತೊಗರಿಬೇಳೆ ಕೊಟ್ಟರು. ತುಯಾ ಒಣಗಿಸಿದ ಮೊಸರಿನ ಗಡ್ಡೆ ಕೊಟ್ಟಳು. ಕಲ್ಲಿನಂಥ ಅದನ್ನು ಗೌರವಕ್ಕೆ ಕಚ್ಚಿದ ಸಾವಕಾರರು ದವಡೆ ಹಿಡಿದುಕೊಂಡರು. ಹಲ್ಲು ಸುಧಾರಿಸಿಕೊಂಡ ಮೇಲೆ ತಮ್ಮ ತಲೆಯ ರುಮಾಲನ್ನೇ ಬಿಚ್ಚಿ ಕೊಟ್ಟರು. ದುಭಾಷಿ ಹುಡುಗಿಯ ಕೊರಳಿನ ಸ್ಕಾರ್ಫ್ ಈ ಕಡೆ ಬಂತು. ಮೇಜಿನ ಮೇಲಿನ ಬಟ್ಟೆಗಳು ಆ ಕಡೆ ಹೋದವು, ಇಟ್ಟಿಗೆಗಳು ಬೆತ್ತಲಾದವು. ತುಯಾ ಕಡೆಯವರು ತಮ್ಮ ಪೆನ್ನು ಕೊಟ್ಟರು, ಕನ್ನಡಕದ ಡಬ್ಬಿ ಕೊಟ್ಟರು. ಊಟಕ್ಕೆ ಕರಿದ ಪೂರಿ ತಣ್ಣಗಾಯಿತು. ವ್ಯಾಪಾರದ ಮಾತನ್ನು ಯಾರೂ ಆಡಲಿಲ್ಲ, ಆಡಲು ಯಾರಿಗೂ ಕೈ ಬಿಡುವಿರಲಿಲ್ಲ.

“ಸಾವಕಾರ್ರ, ಸಾಕು ಮಾಡ್ರಿ. ಎರಡಕ್ಕ ಅವರು ಹೋಗಬೇಕು” ಎಂದೆ.

“ನಮ್ಮ ಊರಿಗಿ ಬಂದವ್ರ ಆಹೇರಾ ಮ್ಯಾಲಾಗಬೇಕೇನು? ಬೀದರ್ ಮರ್ಯಾದಿ ಪ್ರಶ್ನಿ ಅದ!”

ಬೀರಪ್ಪ ಬೆಳಿಗ್ಗೆಯಿಂದ ಹಿಂದಿನ ಗೋಡೆಗೆ ಆನಿಕೊಂಡು, ಮಡಚಿದ ಕಂಬಳಿಯನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದ. ಕೊಡಲು ಏನೂ ಉಳಿಯದೆ ಹಾಲಿನ ಸುತ್ತ ಕಣ್ಣಾಡಿಸುತ್ತಿದ್ದ ಸಾವಕಾರರ ನೋಟ ಒಂದೂ ಮುಕ್ಕಾಲಿಗೆ ಆ ಕಂಬಳಿಯ ಮೇಲೆ ಬಿತ್ತು.

“ಅದನ್ನ ತಾ” ಎಂದರು.

ಅವನ ಐದು ನಿಮಿಷ ಇನ್ನೂ ಬಾಕಿಯಿತ್ತು. ಆದರೂ ಹೋದೆ. ಕಾರ್ಯದರ್ಶಿ ನೋಡಿ!

“ಬೀರಪ್ಪಾ, ಕಂಬಳಿ ಕೊಡಬೇಕಂತ.”

“ನನ್ನ ಎರಡು ಮಿನಿಟ್?”

ನಾನು ಗಡಿಯಾರ ನೋಡಿದೆ. ಗಡಿಯಾರವಿದ್ದ ಗೋಡೆ ನೋಡಿದೆ ಎನ್ನಬೇಕು, ಗಡಿಯಾರ ಆಗಲೇ ಮಂಗೋಲಿಯಾಕ್ಕೆ ಹೊರಟಿತ್ತು. ಅವನ ಕಣ್ಣು ನೋಡುವ ಧೈರ್ಯ ಮಾತ್ರ ಬರಲಿಲ್ಲ. ಬೀರಪ್ಪ, “ನನ್ನ ಕಂಬಳಿ ನಾನೇ ಹೊಚ್ತೇನಿ ಬಿಡು” ಎಂದು ನನ್ನನ್ನು ದಾಟಿ ಮುಂದೆ ನಡೆದ. ತುಯಾ ಹೆಗಲ ಮೇಲೆ ಕರಿ ಕಂಬಳಿಯನ್ನು ಬಿಡಿಸಿ ಹೊದಿಸಿದ.

ಇಪ್ಪತ್ತೈದು ಶಾಲಿಗೂ ಬರೀ ನಕ್ಕು ಬಾಗಿದ್ದ ಹೆಂಗಸು ಈಗ ನಗಲೂ ಇಲ್ಲ, ಬಾಗಲೂ ಇಲ್ಲ. ಅಂಚನ್ನು ಮೂಗಿಗೆ ಹಿಡಿದಳು. ತಿರುಗಿಸಿ ಹಿಂಭಾಗ ನೋಡಿದಳು. ಒಂದೆಳೆ ಕಿತ್ತು ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು, ಸಟ್ಟನೆ ನೆಲದ ಮೇಲೆ ಕುಳಿತುಬಿಟ್ಟಳು. ಬೀರಪ್ಪನೂ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತ. ಬೆಳಿಗ್ಗೆಯಿಂದ ನಿಂತೇ ಇದ್ದ ಸಭೆಯಲ್ಲಿ ಮೊದಲು ಕೂತವರು ಅವರಿಬ್ಬರೇ.

“ಉಣ್ಣೆ ಯಾವಾಗ ಕತ್ತರಿಸಿದ್ದು ಎಂದು ಕೇಳುತ್ತಿದ್ದಾರೆ” ಎಂದಳು ದುಭಾಷಿ ಹಿಂದಿಯಲ್ಲಿ.

“ದೀಪಾವಳಿ ಮುಂದ” ಎಂದ ಬೀರಪ್ಪ, ನಾನು ಅದನ್ನು ಹಿಂದಿಗೆ ತಿರುಗಿಸಿದೆ.

“ಕುರಿಯ ವಾಸನೆ ಗೊತ್ತಾಯಿತಂತೆ. ಅದರೊಳಗೆ ಇನ್ನೊಂದು ವಾಸನೆ ಇದೆಯಂತೆ, ಅದೇನು?”

ಬೀರಪ್ಪನ ಮುಖ ಅರಳಿತು. “ಹುಣಸಿ ಬೀಜದ ಸರಿ. ಬೀಜ ಕುಟ್ಟಿ, ಕುದಿಸಿ ನೂಲಿಗಿ ಬಳೀತೇವಿ. ನೂಲು ಗಟ್ಟಿಯಾಗ್ತದ.”

ಹುಣಸೆ ಮಂಗೋಲಿಯಾದಲ್ಲಿಲ್ಲ. ಅದನ್ನು ವಿವರಿಸಲು ಬೀರಪ್ಪ ಮುಖ ಕಿವುಚಿ, ಹುಳಿ ತಿಂದವರಂತೆ ಬಾಯಿ ಚಪ್ಪರಿಸಿದ. ತುಯಾ ತಾನೂ ಹಾಗೇ ಚಪ್ಪರಿಸಿದಳು. ಎರಡು ಗಂಟೆಯಾಯಿತು. ಆಕೆ ಎದ್ದು ಚೀಲಕ್ಕೆ ಕೈ ಹಾಕಿದಳು, ಚೀಲ ಖಾಲಿ. ಅಂಗಿಯ ಜೇಬು ತಡಕಿದಳು, ಅದೂ ಖಾಲಿ. ತನ್ನವರ ಕಡೆ ನೋಡಿದಳು, ಅವರು ಆಗಲೇ ಪೆನ್ನೂ ಕಳೆದುಕೊಂಡವರು. ಆಕೆಯ ಮುಖ ಕೆಂಪಾಯಿತು. ಬೀರಪ್ಪನ ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಕಂಬಳಿ ಹೊದ್ದುಕೊಂಡೇ ಕಾರು ಹತ್ತಿದಳು.

“ಗೆದ್ದೇವು!” ಎಂದರು ಸಾವಕಾರರು ಬೋಳು ತಲೆಯಲ್ಲಿ.

ಸದಸ್ಯರೆಲ್ಲ ತಣ್ಣನೆಯ ಪೂರಿ ತಿಂದು, ತಮ್ಮದೇ ಬೀಗರ, ಷಡ್ಡಕರ ಕಾರ್ಡುಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರು. ಬೀರಪ್ಪನನ್ನು ಅವನೂರ ಕಡೆ ಹೋಗುವ ಔರಾದದ ಬಸ್ಸಿಗೆ ಹತ್ತಿಸಲು ನಾನು ಹೋದೆ. ಬರಿಗೈ. “ಹೋಗ್ಲಿ ಬಿಡು. ಉಣ್ಣಿ ತಿಳಿದಾಕಿ ಹೆಗಲ ಮ್ಯಾಲ ಹೋತು” ಎಂದ. ಮಗ್ಗದ ಸುದ್ದಿ ಅವನು ಎತ್ತಲಿಲ್ಲ. ಒಂದು ತಿಂಗಳ ನಂತರ ಫೋನು ಮಾಡಿದಾಗ ಎತ್ತಿದ: “ಮಗ್ಗ ಬಿಚ್ಚಿದೆ. ಕುಣ್ಯಾಗ ಸದ್ಯಕ ಕೋಳಿ ಬಿಟ್ಟೇನಿ. ಮಳಿಗಾಲಕ್ಕ ಮಣ್ಣು ಹಾಕ್ತೇನಿ.” ಅಂದು ನನಗೆ ಊಟ ಸೇರಲಿಲ್ಲ. ನಾಲ್ಕು ವರ್ಷ ಅವನ ಹೊದಿಕೆ ಎಳೆದುಕೊಂಡವನು, ಈ ವಯಸ್ಸಿನಲ್ಲಿ ಉಳಿದದ್ದನ್ನೂ ಎಳೆದುಕೊಂಡೆನಲ್ಲ ಎನಿಸಿತು.

ಮೇ ತಿಂಗಳಲ್ಲಿ, ಟಾರು ರಸ್ತೆ ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ, ಪ್ರೆಸ್ಸಿಗೆ ಒಂದು ಪಾರ್ಸಲ್ ಬಂತು. ಮೇಲೆ ನನ್ನ ಕಾರ್ಡಿನಲ್ಲಿದ್ದದ್ದನ್ನೆಲ್ಲ ಚಿತ್ರ ಬಿಡಿಸಿದಂತೆ ನಕಲು ಮಾಡಿದ್ದರು. ಗಣಪತಿಯನ್ನೂ ಬಿಟ್ಟಿರಲಿಲ್ಲ. ಒಳಗೆ ಬಿಳಿ ಉಣ್ಣೆಯನ್ನು ಬಡಿದು ಮಾಡಿದ, ಮೊಣಕಾಲಿಗೆ ಬರುವ ಬೂಟುಗಳು, ಎರಡು ಜೊತೆ. ಜೊತೆಗೊಂದು ಹಿಂದಿ ಪತ್ರ: “ಕಂಬಳಿಯ ಅಣ್ಣನಿಗೆ ಮತ್ತು ಅವನ ಹೆಂಡತಿಗೆ. ಚಳಿಗಾಲ ಅದರಲ್ಲೇ ಕಳೆದೆ. ಅಂದು ನನ್ನ ಚೀಲ ಖಾಲಿಯಾಗಿತ್ತು. ಆ ನಾಚಿಕೆ ಇವತ್ತು ತೀರಿತು.”

ಮರುದಿನವೇ ಬಸ್ಸು ಹಿಡಿದು ಠಾಣಾ ಕುಶನೂರಿಗೆ ಹೋದೆ. ಬೀರಪ್ಪ ಬೂಟನ್ನು ಮೂಸಿದ, ತಿರುಗಿಸಿದ, ಒಂದೆಳೆ ಕಿತ್ತು ಹೊಸೆದ. “ನೇಯ್ದಿಲ್ಲ, ಬಡದು ಮಾಡ್ಯಾರ. ಉಣ್ಣಿ ಛಲೋ ಅದ. ಆದ್ರ ಹುಣಸಿ ಬೀಜ ಇಲ್ಲ ಅವರ ಬಲ್ಲಿ, ಪಾಪ!” ಅವನ ಹೆಂಡತಿ ಮಾಳವ್ವ ಆ ಉರಿಬಿಸಿಲಲ್ಲಿ ಎರಡೂ ಬೂಟು ಹಾಕಿಕೊಂಡು ಕಟ್ಟೆಯ ಮೇಲೆ ಕೂತಳು. ಬೆವರು ಇಳಿಯುತ್ತಿತ್ತು, ತೆಗೆಯಲೊಲ್ಲಳು. ಓಣಿಯವರು ನೋಡಲು ಬಂದರು.

“ಖರ್ಚಿಲ್ಲದ ಆಹೇರಾ ಅಲ್ಲ ಇದು. ತಿರುಗಿ ಏನ್ ಕೊಡ್ತೀರಿ?” ಎಂದು ಮಾಳವ್ವ ಕೇಳಿದಳು. ಸುಶೀಲಾಳದೇ ಧಾಟಿ.

ಬೀರಪ್ಪ ಬಹಳ ಹೊತ್ತು ಕುಣಿಯ ಕಡೆ ನೋಡಿದ. ಒಳಗೆ ಒಂದು ಹೇಂಟೆ ಕಾವಿಗೆ ಕೂತಿತ್ತು.

“ಇಬ್ಬರಿಗಿ ಬಂದದ. ಎರಡು ಕಂಬಳಿ ಹೋಗಬೇಕು, ಮ್ಯಾಲ ಒಂದು ಹೆಚ್ಚಿಗಿ” ಎಂದ. “ಆ ಕೋಳಿ ಹೊರಗ ತಗಿ.”

ನನ್ನ ಕಣ್ಣಲ್ಲಿ ನೀರು ಬಂತು. ಕೋಳಿಯ ಪುಕ್ಕ ಹಾರಿತು ಎಂದು ಹೇಳಿದೆ.

ಸಾವಕಾರರಿಗೆ ಸುದ್ದಿ ಮುಟ್ಟಿಸಿದಾಗ, “ಆರ್ಡರ್ ಬಂತೇನು?” ಎಂದರು. ಇಲ್ಲ, ಆಹೇರಾ ಬಂತು ಎಂದೆ. ಸ್ವಲ್ಪ ಯೋಚಿಸಿ, “ಹಂಗಾರ ಆರ್ಡರಿಗಿಂತ ಗಟ್ಟಿ ಆಯ್ತು. ಆರ್ಡರ್ ಒಮ್ಮೆ ಬಂದು ಮುಗೀತದ” ಎಂದರು. ವ್ಯಾಪಾರಸ್ಥರು, ತಿಳಿದವರು. ಮಂಡಳಿಯ ಕೆಲಸ ಈಗ ಭರದಿಂದ ಸಾಗಿದೆ. ಅಂದರೆ ಕಾರ್ಯದರ್ಶಿಯಾದ ನಾನು ಭಾಲ್ಕಿಯ ಖಾನಾವಳಿಗಳನ್ನೆಲ್ಲ ತಿರುಗಿ ಹುಣಸೆ ಬೀಜ ಸಂಗ್ರಹಿಸುತ್ತಿದ್ದೇನೆ. ಜನ ಮೊದಲು ನಗುತ್ತಿದ್ದರು, ಈಗ ತಾವೇ ಪುಡಿಕೆ ಕಟ್ಟಿ ಇಟ್ಟಿರುತ್ತಾರೆ.

ಕಳೆದ ವಾರ ಮೂರೂ ಕಂಬಳಿಗಳು ಬಂದವು. ಪಾರ್ಸಲ್ ಕಟ್ಟಲು ನಡುಮನೆಯಲ್ಲಿ ಹರಡಿಕೊಂಡು ಕೂತೆ. ಹುಣಸೆ ಬೀಜದ ಅದೇ ವಾಸನೆ. ಹಾಸ್ಟೆಲಿನಲ್ಲಿ ಮೂಗು ಮುಚ್ಚುತ್ತಿದ್ದವನು ಈಗ ಮುಖವನ್ನೇ ಅದರಲ್ಲಿಟ್ಟೆ. ಚುಚ್ಚಿತು. ಬೀರಪ್ಪ ನಾಲ್ಕನೆಯದೊಂದನ್ನೂ ಕಳಿಸಿದ್ದ, ಅದಕ್ಕೆ ಚೀಟಿ ಸಿಕ್ಕಿಸಿದ್ದ: “ಇದು ನಿನಗ. ಇದು ಪೂರಾ ನಿಂದೇ, ಎಳೀಬ್ಯಾಡ.”

ಸುಶೀಲಾ ಹಿಂದಿನಿಂದ ಬಂದಳು. ಇನ್ವರ್ಟರ್ ಮೇಲಿನ ನೀಲಿ ವಸ್ತ್ರವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಒಳಗೆ ಹೋಗಿ ಟ್ರಂಕು ತೆಗೆದಳು. ಹಸಿರು ಖಣ ತಂದು, ಕಲೆಯನ್ನು ಒಳಕ್ಕೆ ಮಡಚಿ, ಮೇಲಿನ ಕಂಬಳಿಯ ಮಡಿಕೆಯಲ್ಲಿ ಇಟ್ಟಳು.

“ಅದು ಅವ್ವನ ಖಣ” ಎಂದೆ.

“ಗೊತ್ತದ. ಈಗ ನೀವೂ ತಿರುಗಿ ಕೊಟ್ಟಂಗಾಯ್ತಲ್ರಿ” ಎಂದಳು ಸುಶೀಲಾ. “ಹಗ್ಗ ಕಟ್ರಿ. ಬರ್ತದ ಬಿಡ್ರಿ ಅದು. ಹೋಗಿ ಎಲ್ಲಿರ್ತದ?”